ಹೆಪ್ಪು ತಡೆಯಬೇಕು, ರಕ್ತ ಸುರಿಯಬಾರದು: ಅಂಥ ಔಷಧಿ ಎಲ್ಲಿಯವರೆಗೆ ಬಂದಿದೆ?

ಪ್ರಶ್ನೆ: ನಮ್ಮ ತಾಯಿಗೆ 76 ವರ್ಷ, ತೂಕ 54 ಕೆ.ಜಿ. ಹೃದಯದ ಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಶನ್ ಇದೆ. ಹೆಪ್ಪು ಕಟ್ಟದಿರಲೆಂದು ಎರಡು ವರ್ಷದಿಂದ ಅಪಿಕ್ಸಬಾನ್ 5 ಮಿ.ಗ್ರಾಂ. ಬೆಳಿಗ್ಗೆ, ರಾತ್ರಿ ತೆಗೆದುಕೊಳ್ಳುತ್ತಿದ್ದಾರೆ. ಮೂತ್ರಪಿಂಡದ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.1. ಮಂಡಿನೋವಿಗೆ ಆಗಾಗ ನೋವಿನ ಮಾತ್ರೆ ನುಂಗುತ್ತಾರೆ. ಈಚೆಗೆ ಎರಡು ಸಲ ಮೂಗಿನಿಂದ ರಕ್ತ ಬಂತು, ಕೈಮೇಲೆ ನೀಲಿ ಕಲೆಗಳೂ ಇವೆ. ರಕ್ತಸ್ರಾವ ಆಗದಂತೆ ಹೆಪ್ಪನ್ನು ಮಾತ್ರ ತಡೆಯುವ ಹೊಸ ಔಷಧಿ ಬರುತ್ತಿದೆ ಎಂದು ಓದಿದೆ. ಅದು ನಿಜವೇ? ಬರುವವರೆಗೆ ಈಗಿನ ಮಾತ್ರೆಯನ್ನು ಅರ್ಧ ಮಾಡಬಹುದೇ ಅಥವಾ ಆಸ್ಪಿರಿನ್‌ಗೆ ಬದಲಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಕಾಯುವಂಥದ್ದಲ್ಲ. ಅರ್ಧ ಮಾಡಬೇಡಿ, ನಿಲ್ಲಿಸಬೇಡಿ, ಆಸ್ಪಿರಿನ್‌ಗೂ ಬದಲಿಸಬೇಡಿ. ಅಪಿಕ್ಸಬಾನ್ ಪ್ರಮಾಣ ರಕ್ತದಲ್ಲಿ ಸುಮಾರು 12 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಎರಡು ದಿನ ಬಿಟ್ಟರೆ ಪಾರ್ಶ್ವವಾಯುವಿನಿಂದ ಅದು ಕೊಡುತ್ತಿದ್ದ ರಕ್ಷಣೆ ಹೆಚ್ಚುಕಡಿಮೆ ಮುಗಿದಂತೆ.

ಆಸ್ಪಿರಿನ್ ಸೌಮ್ಯ, ವಯಸ್ಸಾದವರಿಗೆ ಅದೇ ವಾಸಿ ಎನ್ನುವ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು ಎಂದು 2011ರಲ್ಲೇ ತಿಳಿದಿತ್ತು. ವಾರ್ಫರಿನ್ ಕೊಡಲಾಗದ 5,599 ರೋಗಿಗಳಲ್ಲಿ ಅಪಿಕ್ಸಬಾನ್ ಮತ್ತು ಆಸ್ಪಿರಿನ್ ಎರಡನ್ನೂ ಎದುರುಬದುರು ಇಟ್ಟು ನೋಡಿದ ಆವೆರೋಸ್ ಪ್ರಯೋಗವದು. ಪಾರ್ಶ್ವವಾಯು ಅಥವಾ ಬೇರೆಡೆ ಹೆಪ್ಪು ಸಿಲುಕುವುದು ಅಪಿಕ್ಸಬಾನ್ ಗುಂಪಿನಲ್ಲಿ ವರ್ಷಕ್ಕೆ ಶೇ. 1.6, ಆಸ್ಪಿರಿನ್ ಗುಂಪಿನಲ್ಲಿ ಶೇ. 3.7. ದೊಡ್ಡ ರಕ್ತಸ್ರಾವ ಕ್ರಮವಾಗಿ ಶೇ. 1.4 ಮತ್ತು 1.2, ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಆಸ್ಪಿರಿನ್‌ಗೆ ಹೋದರೆ ರಕ್ತಸ್ರಾವದ ಭಯ ಹಾಗೆಯೇ ಉಳಿಯುತ್ತದೆ, ಪಾರ್ಶ್ವವಾಯುವಿನ ಅಪಾಯ ಎರಡು ಪಟ್ಟಿಗೂ ಮೀರುತ್ತದೆ.

ಇನ್ನು ಹೊಸ ಔಷಧಿಯ ವಿಷಯ. ನೀವು ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಕಥೆ. ರಕ್ತಸ್ರಾವ ತುಂಬ ಕಡಿಮೆ ಮಾಡುವ ಔಷಧಿಗಳು ಸಿದ್ಧವಾಗಿ ಪ್ರಯೋಗದ ಹಂತದಲ್ಲಿವೆ. ನಿಮ್ಮ ತಾಯಿಯವರಿಗಿರುವ ಕಾಯಿಲೆಯಲ್ಲಿ ಅವು ಪಾರ್ಶ್ವವಾಯುವನ್ನೂ ಈಗಿನ ಮಾತ್ರೆಯಷ್ಟೇ ತಡೆಯುತ್ತವೆ ಎಂಬುದು 2025ರ ಕೊನೆಯವರೆಗೂ ಸಾಬೀತಾಗಿಲ್ಲ. ಒಂದು ಔಷಧಿಯಂತೂ ಆ ಪರೀಕ್ಷೆಯಲ್ಲಿ ಸೋತಿದೆ. ಏಕೆ ಎಂದು ತಿಳಿಯಲು ಹೆಪ್ಪು ಕಟ್ಟುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

'ರಕ್ತ ತೆಳು ಮಾಡುವ ಮಾತ್ರೆ' ಎಂದು ಎಲ್ಲರೂ ಹೇಳುತ್ತೇವೆ, ಆದರೆ ರಕ್ತ ತೆಳುವಾಗುವುದೇ ಇಲ್ಲ. ಅದು ಹೆಪ್ಪುಗಟ್ಟಲು ಹಿಡಿಯುವ ಸಮಯ ಹೆಚ್ಚುತ್ತದೆ, ಅಷ್ಟೇ. ರಕ್ತನಾಳ ಕುಯ್ದುಕೊಂಡಾಗ ಅದರ ಹೊರಗೋಡೆಯಲ್ಲಿ ಹುದುಗಿದ್ದ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ರಕ್ತಕ್ಕೆ ತಾಗುತ್ತದೆ. ಹೆಪ್ಪು ಕಟ್ಟಿಸುವ ರಕ್ತದ ಪ್ರೋಟೀನುಗಳನ್ನು ಫ್ಯಾಕ್ಟರ್ ಎಂದು ಸಂಖ್ಯೆ ಕೊಟ್ಟು ಕರೆಯುತ್ತಾರೆ. ಟಿಶ್ಯೂ ಫ್ಯಾಕ್ಟರ್ ಮೊದಲು ಫ್ಯಾಕ್ಟರ್ 7 ಅನ್ನು, ಅದರ ಮೂಲಕ ಫ್ಯಾಕ್ಟರ್ 10 ಅನ್ನು ಎಬ್ಬಿಸುತ್ತದೆ. ಫ್ಯಾಕ್ಟರ್ 10ರಿಂದ ಥ್ರಾಂಬಿನ್ ಹುಟ್ಟುತ್ತದೆ, ಥ್ರಾಂಬಿನ್ ಫೈಬ್ರಿನ್ ಎಳೆಗಳನ್ನು ಹೆಣೆಯುತ್ತದೆ, ಗಾಯ ಮುಚ್ಚುತ್ತದೆ. ಈ ದಾರಿಗೆ ಒಂದು ಸುತ್ತುಬಳ್ಳಿಯೂ ಇದೆ. ಹುಟ್ಟಿದ ಥ್ರಾಂಬಿನ್ ಹಿಂದಿರುಗಿ ಫ್ಯಾಕ್ಟರ್ 11 ಅನ್ನು ಎಬ್ಬಿಸುತ್ತದೆ, ಅದು 9ನ್ನು, 9 ಮತ್ತೆ 10ನ್ನು. ಹೀಗೆ ಥ್ರಾಂಬಿನ್ ಮೇಲೆ ಥ್ರಾಂಬಿನ್ ಹುಟ್ಟಿ ಹೆಪ್ಪು ಬೆಳೆಯುತ್ತದೆ.

ಹೊಸ ಔಷಧಿಗಳ ಆಸೆಯೆಲ್ಲ ಈ ಸುತ್ತುಬಳ್ಳಿಯ ಮೇಲೆ ನಿಂತಿದೆ. ಗಾಯದ ಜಾಗದಲ್ಲಿ ಟಿಶ್ಯೂ ಫ್ಯಾಕ್ಟರ್ ಧಾರಾಳವಾಗಿರುವುದರಿಂದ ಮೊದಲ ದಾರಿಯೊಂದೇ ಸಾಕಾಗುತ್ತದೆ, 11ರ ಸಹಾಯ ಅಷ್ಟಾಗಿ ಬೇಡ. ನಾಳದ ಒಳಗೆ ಬೇಡದ ಕಡೆ ಹುಟ್ಟಿದ ಹೆಪ್ಪು ದೊಡ್ಡದಾಗಿ ಬೆಳೆದು ದಾರಿ ಕಟ್ಟಬೇಕಾದರೆ 11 ಬೇಕು. ಆದ್ದರಿಂದ 11ನ್ನು ಹಿಡಿದು ನಿಲ್ಲಿಸಿದರೆ ಗಾಯ ಮುಚ್ಚುವ ಕೆಲಸ ನಡೆಯಬೇಕು, ನಾಳ ಕಟ್ಟುವ ಕೆಲಸ ನಿಲ್ಲಬೇಕು.

ಇದು ಬರೀ ಊಹೆಯಲ್ಲ. ಹುಟ್ಟಿನಿಂದಲೇ ಫ್ಯಾಕ್ಟರ್ 11 ತೀರ ಕಡಿಮೆ ಇರುವ ಜನರಿದ್ದಾರೆ. ಹಿಮೊಫಿಲಿಯಾ ಸಿ ಎಂದು ಕರೆಯುವ ಈ ಸ್ಥಿತಿಯನ್ನು 1953ರಲ್ಲಿ ಗುರುತಿಸಿದರು. ಅಶ್ಕೆನಾಜಿ ಯಹೂದಿಗಳಲ್ಲಿ ಇದು ಹೆಚ್ಚು. ಫ್ಯಾಕ್ಟರ್ 8 ಇಲ್ಲದ ಹಿಮೊಫಿಲಿಯಾದವರಂತೆ ಇವರ ಕೀಲುಗಳಲ್ಲಿ ತಾನಾಗಿಯೇ ರಕ್ತ ತುಂಬುವುದಿಲ್ಲ. ಹಲ್ಲು ಕೀಳಿಸಿದಾಗ, ಮೂಗಿನ ಅಥವಾ ಮೂತ್ರನಾಳದ ಶಸ್ತ್ರಚಿಕಿತ್ಸೆ ಆದಾಗ ರಕ್ತ ನಿಲ್ಲುವುದು ತಡವಾಗುತ್ತದೆ. ಹೆಪ್ಪು ಕರಗಿಸುವ ಶಕ್ತಿ ಆ ಜಾಗಗಳಲ್ಲಿ ಹೆಚ್ಚು, ಅಲ್ಲಿ ಹೆಪ್ಪು ಬಾಳಲು 11ರ ಆಸರೆ ಬೇಕಾಗುತ್ತದೆ. ಅದೇ ಹೊತ್ತಿಗೆ, ಕಾಲಿನ ಆಳದ ರಕ್ತನಾಳಗಳಲ್ಲಿ ಕಟ್ಟುವ ಹೆಪ್ಪೂ, ಹೆಪ್ಪಿನಿಂದಾಗುವ ಪಾರ್ಶ್ವವಾಯುವೂ ಈ ಜನರಲ್ಲಿ ಉಳಿದವರಿಗಿಂತ ಕಡಿಮೆ. ಪ್ರಕೃತಿಯೇ ಮಾಡಿಟ್ಟ ಪ್ರಯೋಗವಿದು.

ಹಳೆಯ ಔಷಧಿಗಳಿಗೆ ಈ ಆಯ್ಕೆಯೇ ಇರಲಿಲ್ಲ. 1954ರಿಂದ ಮನುಷ್ಯರಿಗೆ ಕೊಡುತ್ತಿರುವ ವಾರ್ಫರಿನ್ ವಿಟಮಿನ್ ಕೆ ಬಳಕೆಗೇ ಅಡ್ಡಹಾಕಿ ಫ್ಯಾಕ್ಟರ್ 2 (ಥ್ರಾಂಬಿನ್‌ನ ಮೂಲರೂಪ), 7, 9, 10 ನಾಲ್ಕನ್ನೂ ಒಟ್ಟಿಗೆ ಕುಗ್ಗಿಸುತ್ತದೆ. ಅಪಿಕ್ಸಬಾನ್, ರಿವರಾಕ್ಸಬಾನ್, ಎಡಾಕ್ಸಬಾನ್ 10ನ್ನು ಹಿಡಿಯುತ್ತವೆ, ಡಾಬಿಗಾಟ್ರಾನ್ ಥ್ರಾಂಬಿನ್ನನ್ನೇ ಹಿಡಿಯುತ್ತದೆ. 10 ಮತ್ತು ಥ್ರಾಂಬಿನ್ ಎರಡೂ ಗಾಯದ ದಾರಿಯಲ್ಲೂ ಇವೆ, ರೋಗದ ದಾರಿಯಲ್ಲೂ ಇವೆ. ಎರಡು ರಸ್ತೆ ಕೂಡಿದ ಮೇಲೆ ಅಡ್ಡಗಟ್ಟೆ ಹಾಕಿದ ಹಾಗೆ. ಅದಕ್ಕೇ ರಕ್ತಸ್ರಾವ ಈ ಔಷಧಿಗಳಿಗೆ ಅಂಟಿಯೇ ಬಂದಿದೆ. ಆದರೂ ಬಂದ ದಾರಿ ಸಣ್ಣದಲ್ಲ: 2011ರ ಅರಿಸ್ಟಾಟಲ್ ಪ್ರಯೋಗದಲ್ಲಿ 18,201 ರೋಗಿಗಳಲ್ಲಿ ವಾರ್ಫರಿನ್ ಜೊತೆ ಹೋಲಿಸಿದಾಗ ದೊಡ್ಡ ರಕ್ತಸ್ರಾವ ವರ್ಷಕ್ಕೆ ಶೇ. 3.09ರಿಂದ 2.13ಕ್ಕೆ, ತಲೆಬುರುಡೆಯೊಳಗಿನ ರಕ್ತಸ್ರಾವ ಶೇ. 0.80ರಿಂದ 0.33ಕ್ಕೆ ಇಳಿಯಿತು. ನಿಮ್ಮ ತಾಯಿಯವರು ಈಗ ತೆಗೆದುಕೊಳ್ಳುತ್ತಿರುವುದು ಇದೇ ಮಾತ್ರೆ. ಮುಂದೆ ಬರುವ ಯಾವುದೇ ಔಷಧಿ ಸೋಲಿಸಬೇಕಾದದ್ದು ವಾರ್ಫರಿನ್ನನ್ನಲ್ಲ, ಇದನ್ನು.

ಫ್ಯಾಕ್ಟರ್ 11ನ್ನು ಹಿಡಿಯುವ ಬಗೆ ಮುಖ್ಯವಾಗಿ ಮೂರು. ಒಂದು, ಯಕೃತ್ತಿನಲ್ಲಿ ಅದು ತಯಾರಾಗದಂತೆಯೇ ಮಾಡುವ ಆ್ಯಂಟಿಸೆನ್ಸ್ ಚುಚ್ಚುಮದ್ದು. ಎರಡು, ರಕ್ತದಲ್ಲಿರುವ 11ಕ್ಕೆ ಅಂಟಿ ಅದು ಎಚ್ಚರಗೊಳ್ಳದಂತೆ ಹಿಡಿದಿಡುವ ಪ್ರತಿಕಾಯ. ಅಬೆಲಾಸಿಮ್ಯಾಬ್ ಈ ಜಾತಿಯದು, ತಿಂಗಳಿಗೊಮ್ಮೆ ಚರ್ಮದಡಿಗೆ ಚುಚ್ಚಿದರೆ ಸಾಕು. ಮೂರು, ಎಚ್ಚರಗೊಂಡ 11ರ ಬಾಯಿಗೆ ಬೀಗ ಹಾಕುವ ಮಾತ್ರೆಗಳು. ಅಸುಂಡೆಕ್ಸಿಯಾನ್ ದಿನಕ್ಕೊಮ್ಮೆ, ಮಿಲ್ವೆಕ್ಸಿಯಾನ್ ದಿನಕ್ಕೆರಡು ಸಲ.

ಎಷ್ಟು ಹಿಡಿದರೆ ಸಾಕು? ಇಡೀ ಕ್ಷೇತ್ರ ತಡಕಾಡುತ್ತಿರುವುದು ಈ ಪ್ರಶ್ನೆಗೆ. 2015ರಲ್ಲಿ ಪ್ರಕಟವಾದ ಮೊದಲ ಪ್ರಯೋಗವೊಂದನ್ನು ನೋಡಿ. ಮಂಡಿಚಿಪ್ಪು ಬದಲಿಸುವ ಶಸ್ತ್ರಚಿಕಿತ್ಸೆಗೆ ಬಂದ 300 ಜನರಲ್ಲಿ ಕೆಲವರಿಗೆ ಆ್ಯಂಟಿಸೆನ್ಸ್ ಮದ್ದನ್ನು 200 ಮಿ.ಗ್ರಾಂ., ಕೆಲವರಿಗೆ 300 ಮಿ.ಗ್ರಾಂ., ಉಳಿದವರಿಗೆ ಹೆಪ್ಪು ತಡೆಯುವ ಎಂದಿನ ಚುಚ್ಚುಮದ್ದಾದ ಎನಾಕ್ಸಪಾರಿನ್ ಕೊಟ್ಟರು. 200 ಮಿ.ಗ್ರಾಂ. ಗುಂಪಿನಲ್ಲಿ ಫ್ಯಾಕ್ಟರ್ 11 ಮಟ್ಟ ಸಾಮಾನ್ಯದ ಸುಮಾರು ಶೇ. 38ಕ್ಕೆ ಇಳಿಯಿತು, ಹೆಪ್ಪು ಕಂಡದ್ದು ಶೇ. 27 ಜನರಲ್ಲಿ. ಎನಾಕ್ಸಪಾರಿನ್ ಗುಂಪಿನಲ್ಲಿ ಶೇ. 30, ಅಂದರೆ ದೊಡ್ಡ ಲಾಭವಿಲ್ಲ. 300 ಮಿ.ಗ್ರಾಂ. ಗುಂಪಿನಲ್ಲಿ ಮಟ್ಟ ಶೇ. 20ಕ್ಕೆ ಇಳಿಯಿತು, ಹೆಪ್ಪು ಶೇ. 4ಕ್ಕೆ ಬಿತ್ತು. ಗಮನಿಸಬೇಕಾದ ರಕ್ತಸ್ರಾವ ಎರಡು ಗುಂಪುಗಳಲ್ಲೂ ಶೇ. 3, ಎನಾಕ್ಸಪಾರಿನ್‌ನಲ್ಲಿ ಶೇ. 8. ಶೇ. 38 ಉಳಿದಿದ್ದರೆ ಸಾಲದು, 20ಕ್ಕೆ ಇಳಿದರೆ ಅಷ್ಟು ದೊಡ್ಡ ಬದಲಾವಣೆ. ಈ ಔಷಧಿಗಳು ಮೆಟ್ಟಿಲು ಮೆಟ್ಟಿಲಾಗಿ ಕೆಲಸ ಮಾಡುವುದಿಲ್ಲ, ಒಂದು ಹೊಸ್ತಿಲು ದಾಟಿದ ಮೇಲೆಯೇ ಫಲ. ಆ ಹೊಸ್ತಿಲು ಎಲ್ಲ ಕಾಯಿಲೆಗಳಿಗೂ ಒಂದೇ ಎಂದು ಹೇಳಲು ಬರುವುದಿಲ್ಲ.

ಅದು ಗೊತ್ತಾದದ್ದು ನೋವಿನ ರೀತಿಯಲ್ಲಿ. ಅಸುಂಡೆಕ್ಸಿಯಾನ್ 50 ಮಿ.ಗ್ರಾಂ. ಕೊಟ್ಟಾಗ ರಕ್ತದಲ್ಲಿ ಎಚ್ಚರಗೊಂಡ ಫ್ಯಾಕ್ಟರ್ 11ರ ಚಟುವಟಿಕೆ ಶೇ. 90ಕ್ಕೂ ಹೆಚ್ಚು ಕುಗ್ಗುತ್ತಿತ್ತು. 755 ರೋಗಿಗಳ ಚಿಕ್ಕ ಪ್ರಯೋಗದಲ್ಲಿ ಅಪಿಕ್ಸಬಾನ್‌ಗಿಂತ ರಕ್ತಸ್ರಾವ ಕಡಿಮೆ ಕಂಡಿತು. ಅದನ್ನು ನಂಬಿ ಓಷಿಯಾನಿಕ್-ಎಎಫ್ ಎಂಬ ದೊಡ್ಡ ಪ್ರಯೋಗಕ್ಕೆ ಇಳಿದರು: 14,810 ಏಟ್ರಿಯಲ್ ಫಿಬ್ರಿಲೇಶನ್ ರೋಗಿಗಳು, ಅರ್ಧದಷ್ಟು ಜನರಿಗೆ ಅಸುಂಡೆಕ್ಸಿಯಾನ್, ಉಳಿದರ್ಧಕ್ಕೆ ಅಪಿಕ್ಸಬಾನ್. 2023ರ ನವೆಂಬರಿನಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ದೊಡ್ಡ ರಕ್ತಸ್ರಾವ ಅಸುಂಡೆಕ್ಸಿಯಾನ್ ಗುಂಪಿನಲ್ಲಿ 17 ಜನರಿಗೆ, ಅಪಿಕ್ಸಬಾನ್ ಗುಂಪಿನಲ್ಲಿ 53 ಜನರಿಗೆ. ಇಷ್ಟನ್ನೇ ಓದಿದವರು ಗೆದ್ದೆವು ಎನ್ನುತ್ತಾರೆ. ಆದರೆ ಪಾರ್ಶ್ವವಾಯು ಅಥವಾ ಬೇರೆಡೆ ಹೆಪ್ಪು ಸಿಲುಕಿದ್ದು ಅಸುಂಡೆಕ್ಸಿಯಾನ್ ಗುಂಪಿನಲ್ಲಿ 98 ಜನರಿಗೆ, ಅಪಿಕ್ಸಬಾನ್‌ನಲ್ಲಿ 26 ಜನರಿಗೆ. 36 ರಕ್ತಸ್ರಾವ ತಪ್ಪಿಸಲು 72 ಹೆಪ್ಪಿನ ಪೆಟ್ಟು ತೆತ್ತಂತಾಯಿತು.

ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಪಾಠ ಇದೇ. ಹೊಸ ಔಷಧಿಯ ಸುದ್ದಿ ಓದುವಾಗ 'ರಕ್ತಸ್ರಾವ ಎಷ್ಟು ಇಳಿಯಿತು' ಎಂಬುದರ ಪಕ್ಕದಲ್ಲಿ 'ಪಾರ್ಶ್ವವಾಯು ಎಷ್ಟಾಯಿತು' ಎಂಬ ಸಂಖ್ಯೆಯೂ ಇದೆಯೇ ಎಂದು ನೋಡಿ. ಬರೀ ಸಕ್ಕರೆ ಗುಳಿಗೆ ಕೊಟ್ಟರೂ ರಕ್ತಸ್ರಾವ ಇಳಿಯುತ್ತದೆ.

ಏಕೆ ಸೋತಿತು ಎಂಬುದಕ್ಕೆ ಎರಡು ವಿವರಣೆಗಳಿವೆ. ಒಂದು, ಶೇ. 90 ಹಿಡಿದರೂ ಉಳಿದ ಚೂರು ಸಾಕಾಗಿತ್ತು, ಪ್ರಮಾಣ ಇನ್ನೂ ಹೆಚ್ಚಿರಬೇಕಿತ್ತು. ಎರಡು, ಈ ಕಾಯಿಲೆಯಲ್ಲಿ ಹೆಪ್ಪು ಹುಟ್ಟುವ ಜಾಗವೇ ಬೇರೆ ಬಗೆಯದು. ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಚಿಕ್ಕ ಚೀಲವೊಂದರಲ್ಲಿ ರಕ್ತ ನಿಂತ ನೀರಿನಂತಾಗಿ ಹೆಪ್ಪುಗಟ್ಟುತ್ತದೆ. ಅಲ್ಲಿ ಟಿಶ್ಯೂ ಫ್ಯಾಕ್ಟರಿನ ದಾರಿಯೇ ಮುಖ್ಯವಾಗಿದ್ದರೆ 11ನ್ನು ಎಷ್ಟೇ ಹಿಡಿದರೂ ಪೂರ್ತಿ ಫಲ ಸಿಗದು. ಮೊದಲನೆಯದು ನಿಜವಾದರೆ ದಾರಿ ತೆರೆದಿದೆ, ಎರಡನೆಯದಾದರೆ ಈ ಕಾಯಿಲೆಗೆ ಬೇರೆ ಗುರಿ ಹುಡುಕಬೇಕು. ಅದನ್ನು ತೀರ್ಮಾನಿಸುವ ಪ್ರಯೋಗಗಳು ನಡೆಯುತ್ತಿವೆ. ಮಿಲ್ವೆಕ್ಸಿಯಾನ್ 100 ಮಿ.ಗ್ರಾಂ. ದಿನಕ್ಕೆರಡು ಸಲ ಕೊಟ್ಟು ಅಪಿಕ್ಸಬಾನ್ ಎದುರು ನಿಲ್ಲಿಸಿರುವ ಲಿಬ್ರೆಕ್ಸಿಯಾ-ಎಎಫ್ ಅವುಗಳಲ್ಲಿ ದೊಡ್ಡದು. ನಿಮ್ಮ ತಾಯಿಯವರಂಥ ರೋಗಿಗಳಿಗೆ ನೇರವಾಗಿ ಉತ್ತರ ಕೊಡಬೇಕಾದದ್ದು ಅದೇ.

ಅಬೆಲಾಸಿಮ್ಯಾಬ್ ಬಗ್ಗೆ ಆಸೆ ಇರುವುದು ಅದು 11ನ್ನು ಇನ್ನೂ ಆಳವಾಗಿ ಹಿಡಿಯುವುದರಿಂದ. 150 ಮಿ.ಗ್ರಾಂ. ಕೊಟ್ಟವರಲ್ಲಿ ಹಿಡಿತಕ್ಕೆ ಸಿಗದೆ ಉಳಿದ 11 ಶೇ. 1ರಷ್ಟು ಮಾತ್ರ. 1,287 ರೋಗಿಗಳ ಅಜೇಲಿಯಾ ಪ್ರಯೋಗದಲ್ಲಿ ವೈದ್ಯರ ಗಮನಕ್ಕೆ ಬರುವಷ್ಟಿನ ರಕ್ತಸ್ರಾವ ರಿವರಾಕ್ಸಬಾನ್ ತೆಗೆದುಕೊಂಡ ನೂರು ಜನರಲ್ಲಿ ವರ್ಷಕ್ಕೆ 8.4, ಅಬೆಲಾಸಿಮ್ಯಾಬ್ 150 ಮಿ.ಗ್ರಾಂ. ಪಡೆದವರಲ್ಲಿ 3.2. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದನ್ನೂ ಮುಂಚೆಯೇ ನಿಲ್ಲಿಸಿದರು, ಆದರೆ ಈ ಸಲ ಒಳ್ಳೆಯ ಕಾರಣಕ್ಕೆ. ಪಾರ್ಶ್ವವಾಯುವಿನ ಲೆಕ್ಕ ಹೇಳಲು 1,287 ಜನ ಸಾಲುವುದಿಲ್ಲ. ಅದಕ್ಕಾಗಿ ಈಗಿನ ಯಾವ ಮಾತ್ರೆಯನ್ನೂ ತಾಳಿಕೊಳ್ಳಲಾಗದ ರೋಗಿಗಳಲ್ಲಿ ಲಿಲಾಕ್ ಎಂಬ ಪ್ರಯೋಗ ನಡೆಯುತ್ತಿದೆ.

ತಿಂಗಳಿಗೊಂದು ಚುಚ್ಚುಮದ್ದು ಕೇಳಲು ಹಿತ. ಅದರ ಇನ್ನೊಂದು ಮುಖವೂ ಗೊತ್ತಿರಲಿ. ನಾಳೆಯೇ ತುರ್ತು ಶಸ್ತ್ರಚಿಕಿತ್ಸೆ ಬೇಕೆಂದರೆ ಮಾತ್ರೆಯಾದರೆ ನಿಲ್ಲಿಸಿದ ಒಂದೆರಡು ದಿನಕ್ಕೆ ಇಳಿಯುತ್ತದೆ, ಪ್ರತಿಕಾಯ ವಾರಗಟ್ಟಲೆ ರಕ್ತದಲ್ಲಿ ಇರುತ್ತದೆ. ಡಾಬಿಗಾಟ್ರಾನ್‌ಗೆ 2015ರಿಂದ ಇಡಾರುಸಿಜುಮ್ಯಾಬ್ ಎಂಬ ಮಾರುಮದ್ದಿದೆ, 5 ಗ್ರಾಂ ಕೊಟ್ಟರೆ ನಿಮಿಷಗಳಲ್ಲಿ ಔಷಧಿಯ ಪ್ರಭಾವ ಕಳೆಯುತ್ತದೆ. ಫ್ಯಾಕ್ಟರ್ 11 ಔಷಧಿಗಳಿಗೆ ಹಾಗೆ ಪಳಗಿದ ಮಾರುಮದ್ದು ಇನ್ನೂ ಇಲ್ಲ. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದಂಥವನ್ನು ನಂಬಬೇಕಾಗುತ್ತದೆ.

ಅಸುಂಡೆಕ್ಸಿಯಾನ್ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಏಟ್ರಿಯಲ್ ಫಿಬ್ರಿಲೇಶನ್ ಇಲ್ಲದೆ ಪಾರ್ಶ್ವವಾಯು ಆದವರಿಗೆ ಪ್ಲೇಟ್‌ಲೆಟ್ ಎಂಬ ಹೆಪ್ಪಿನ ರಕ್ತಕಣಗಳನ್ನು ಮಂಕು ಮಾಡುವ ಆಸ್ಪಿರಿನ್‌ನಂಥ ಮಾತ್ರೆಗಳ ಜೊತೆಗೆ ಅದನ್ನು ಕೊಟ್ಟಾಗ ಮತ್ತೆ ಪಾರ್ಶ್ವವಾಯು ಬರುವುದು ಕಡಿಮೆಯಾಯಿತು, ದೊಡ್ಡ ರಕ್ತಸ್ರಾವ ಹೆಚ್ಚಲಿಲ್ಲ ಎಂದು 2025ರ ನವೆಂಬರಿನಲ್ಲಿ ಪ್ರಕಟಿಸಿದರು. ಅದೇ ತಿಂಗಳು ಮಿಲ್ವೆಕ್ಸಿಯಾನ್‌ನ ಹೃದಯಾಘಾತದ ಪ್ರಯೋಗ, ಫಲ ಸಿಗುವ ಲಕ್ಷಣವಿಲ್ಲವೆಂದು ನಿಂತಿತು. ಒಂದೇ ಗುರಿ, ಮೂರು ಕಾಯಿಲೆ, ಮೂರು ಬೇರೆ ಫಲ. ಹಾಗಾಗಿ 'ಹೊಸ ರಕ್ತ ತೆಳು ಮಾಡುವ ಔಷಧಿ ಗೆದ್ದಿತು' ಎಂಬ ಸುದ್ದಿ ಕಂಡರೆ ಯಾವ ಕಾಯಿಲೆಯಲ್ಲಿ ಗೆದ್ದಿತು ಎಂದು ಮೊದಲು ನೋಡಿ. ಇನ್ನೂ ಪ್ರಾಣಿಗಳ ಹಂತದಲ್ಲಿರುವ ಕೆಲಸಗಳೂ ಇವೆ. ಪ್ಲೇಟ್‌ಲೆಟ್‌ಗಳು ಹೊರಬಿಡುವ ಪಾಲಿಫಾಸ್ಫೇಟ್ ಎಂಬ ಸರಪಳಿಗೆ ಅಂಟಿ ಅದರ ಕುಮ್ಮಕ್ಕನ್ನು ತಗ್ಗಿಸುವ ಪಾಲಿಮರುಗಳು ಅಂಥವು. ಅವು ರೋಗಿಯವರೆಗೆ ಬರಲು ಬಹಳ ದೂರವಿದೆ.

ಈಗ ನಿಮ್ಮ ಮನೆಯ ವಿಷಯ. ನಿಮ್ಮ ತಾಯಿಯವರ ರಕ್ತಸ್ರಾವದ ಅಪಾಯದಲ್ಲಿ ಒಂದು ಪಾಲು ಇಂದೇ ಕಡಿಮೆ ಮಾಡಬಹುದಾದದ್ದು. ನನಗೆ ಮೊದಲು ಅನುಮಾನ ಬರುವುದು ಮಂಡಿನೋವಿನ ಮಾತ್ರೆಯ ಮೇಲೆ. ಐಬುಪ್ರೊಫೇನ್, ಡೈಕ್ಲೊಫೆನಾಕ್, ನಪ್ರಾಕ್ಸೆನ್ ಜಾತಿಯವು ಪ್ಲೇಟ್‌ಲೆಟ್‌ಗಳನ್ನು ಮಂಕು ಮಾಡುತ್ತವೆ, ಹೊಟ್ಟೆಯ ಒಳಪೊರೆ ಕೆಡಿಸುತ್ತವೆ, ಮೂತ್ರಪಿಂಡದ ಮೇಲೂ ಭಾರ ಹಾಕುತ್ತವೆ. ಅಪಿಕ್ಸಬಾನ್ ಒಂದು ಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಬದಲಿಗೆ ಪ್ಯಾರಾಸಿಟಮಾಲ್ ಮತ್ತು ಮಂಡಿಗೆ ಹಚ್ಚುವ ಮುಲಾಮಿನ ಬಗ್ಗೆ ವೈದ್ಯರಲ್ಲಿ ಕೇಳಿ. ಜೊತೆಯಲ್ಲಿ ಆಸ್ಪಿರಿನ್ ಏನಾದರೂ ಹಳೆಯ ಚೀಟಿಯಿಂದ ಮುಂದುವರಿಯುತ್ತಿದೆಯೇ ಎಂದೂ ನೋಡಿ. ಸ್ಟೆಂಟ್ ಹಾಕಿದ ಕೆಲವರಿಗೆ ಎರಡೂ ಒಂದಷ್ಟು ಕಾಲ ಬೇಕಾಗುತ್ತದೆ, ಆದರೆ ಕಾರಣವಿಲ್ಲದೆ ಉಳಿದುಹೋದ ಆಸ್ಪಿರಿನ್ ಬರೀ ಅಪಾಯ. ಅದನ್ನೂ ವೈದ್ಯರೇ ನಿಲ್ಲಿಸಲಿ.

ಪ್ರಮಾಣದ ಲೆಕ್ಕ ಹೀಗೆ. ಅಪಿಕ್ಸಬಾನ್ 2.5 ಮಿ.ಗ್ರಾಂ.ಗೆ ಇಳಿಸಬೇಕಾದರೆ ಮೂರು ಅಂಶಗಳಲ್ಲಿ ಎರಡು ಇರಬೇಕು: ವಯಸ್ಸು 80 ಅಥವಾ ಹೆಚ್ಚು, ತೂಕ 60 ಕೆ.ಜಿ. ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು. ನಿಮ್ಮ ತಾಯಿಯವರಿಗೆ ತೂಕವೊಂದೇ ಹೊಂದುತ್ತದೆ. ಆದ್ದರಿಂದ 5 ಮಿ.ಗ್ರಾಂ. ಸರಿಯಾದ ಪ್ರಮಾಣವೇ. ಮೂಗಿನ ರಕ್ತ ಕಂಡು ಹೆದರಿ 2.5ಕ್ಕೆ ಇಳಿಸುವುದು ತುಂಬ ಕಡೆ ನಡೆಯುತ್ತದೆ, ಅದು ರಕ್ಷಣೆಯನ್ನು ಊಹೆಯ ಮೇಲೆ ಕೊಯ್ದಂತೆ. 80 ತುಂಬಿದ ದಿನ ಮಾತ್ರ ತೂಕ 60ರ ಒಳಗೇ ಇದ್ದರೆ ಎರಡು ಅಂಶ ಆಗುತ್ತವೆ, ಆಗ ಪ್ರಮಾಣ ಇಳಿಸಬೇಕಾಗುತ್ತದೆ. ಅದನ್ನು ಈಗಲೇ ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಕ್ರಿಯಾಟಿನಿನ್ 1.1 ಎಂದರೆ ಮೂತ್ರಪಿಂಡ ಚೆನ್ನಾಗಿದೆ ಎಂದು ನೆಮ್ಮದಿಯಾಗಿರಬೇಡಿ. 140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಿ, ಅದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಂಗಸರಾದರೆ 0.85ರಿಂದ ಗುಣಿಸಬೇಕು. 64 ಗುಣಿಸು 54, ಭಾಗಿಸು 79.2, ಗುಣಿಸು 0.85: ಸುಮಾರು 37. ನಿಮಿಷಕ್ಕೆ 37 ಮಿ.ಲೀ. ಎಂದರೆ ಸೋಸುವ ಶಕ್ತಿ ಸಾಕಷ್ಟು ಕುಗ್ಗಿದೆ. ಈ ಸಂಖ್ಯೆಯನ್ನು 10ರಿಂದ ಭಾಗಿಸಿದರೆ ಎಷ್ಟು ತಿಂಗಳಿಗೊಮ್ಮೆ ಮತ್ತೆ ರಕ್ತ ಪರೀಕ್ಷೆ ಬೇಕೆಂದು ತಿಳಿಯುತ್ತದೆ, ಇವರಿಗೆ ಹೆಚ್ಚುಕಡಿಮೆ ನಾಲ್ಕು ತಿಂಗಳು. ಅದರ ಜೊತೆಗೆ ಹಿಮೊಗ್ಲೋಬಿನ್ ನೋಡಿಸಿ. ಕಣ್ಣಿಗೆ ಕಾಣುವ ಮೂಗಿನ ರಕ್ತಕ್ಕಿಂತ ಕರುಳಿನಲ್ಲಿ ಸದ್ದಿಲ್ಲದೆ ಸೋರುವ ರಕ್ತ ಹೆಚ್ಚು ಅಪಾಯ, ಇಳಿಯುತ್ತಿರುವ ಹಿಮೊಗ್ಲೋಬಿನ್ನೇ ಅದರ ಸುಳಿವು. ರಕ್ತದೊತ್ತಡವೂ ಹತೋಟಿಯಲ್ಲಿರಲಿ. ಮೇಲಿನ ಅಂಕಿ 160 ದಾಟಿ ನಿಂತರೆ ಮಿದುಳಿನ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಬೇರೆ ಔಷಧಿಗಳ ಮೇಲೂ ಕಣ್ಣಿರಲಿ. ಕೀಟೊಕೊನಜೋಲ್, ಇಟ್ರಾಕೊನಜೋಲ್ ಮಾತ್ರೆಗಳು ಅಪಿಕ್ಸಬಾನ್ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫಿನಿಟಾಯಿನ್ ಮತ್ತು ಕಾರ್ಬಮಜೆಪಿನ್ ಅದನ್ನು ಇಳಿಸುತ್ತವೆ. ಯಾವುದೇ ಹೊಸ ಚೀಟಿ ಬಂದರೂ 'ಇವರು ಅಪಿಕ್ಸಬಾನ್ ಮೇಲಿದ್ದಾರೆ' ಎಂದು ಹೇಳಲು ಮರೆಯಬೇಡಿ. ಒಂದು ಹೊತ್ತಿನ ಮಾತ್ರೆ ಮರೆತರೆ ಅದೇ ದಿನ ನೆನಪಾದ ಕೂಡಲೇ ಕೊಡಿ, ಮುಂದಿನ ಹೊತ್ತಿಗೆ ಎರಡು ಮಾತ್ರೆ ಮಾತ್ರ ಒಟ್ಟಿಗೆ ಬೇಡ.

ಕೈಮೇಲಿನ ನೀಲಿ ಕಲೆಗಳು ಚಿಕ್ಕದಾಗಿದ್ದು ತಾವಾಗಿಯೇ ಮಾಸುತ್ತಿದ್ದರೆ ಚಿಂತೆ ಬೇಡ, ಈ ವಯಸ್ಸಿನ ತೆಳು ಚರ್ಮಕ್ಕೆ ಅದು ಸಹಜ. ಮೂಗಿನ ರಕ್ತಕ್ಕೆ ಬಹಳ ಸಲ ಒಳಪೊರೆ ಒಣಗಿ ಬಿರಿದದ್ದೇ ಕಾರಣ. ಉಪ್ಪುನೀರಿನ ಮೂಗಿನ ಹನಿ ದಿನಕ್ಕೆ ಎರಡು ಮೂರು ಸಲ ಹಾಕಿ. ರಕ್ತ ಬಂದಾಗ ತಲೆ ಹಿಂದಕ್ಕೆ ಎತ್ತಿಸಬೇಡಿ, ರಕ್ತ ಗಂಟಲಿಗೆ ಇಳಿಯುತ್ತದೆ. ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನ ಎಲುಬನ್ನಲ್ಲ, ಅದರ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಿನಿಂದ ಬಿಗಿಯಾಗಿ ಹಿಡಿಯಿರಿ. ಗಡಿಯಾರ ನೋಡಿ 15 ನಿಮಿಷ, ನಡುವೆ ಬಿಟ್ಟು ನಿಂತಿತೇ ಎಂದು ನೋಡದೆ. ಹೆಚ್ಚಿನವರು ಸೋಲುವುದು ಇಲ್ಲಿಯೇ, ಎರಡು ನಿಮಿಷಕ್ಕೊಮ್ಮೆ ಕೈ ತೆಗೆದು ಆಗತಾನೇ ಕಟ್ಟಿದ ಹೆಪ್ಪನ್ನು ಕಿತ್ತುಬಿಡುತ್ತಾರೆ. ಎರಡು ಸಲ ಹೀಗೆ ಹಿಡಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಹಠಾತ್ತನೆ ಜೋರು ತಲೆನೋವು ಬಂದರೆ, ಮಾತು ತೊದಲಿದರೆ ತಡಮಾಡದೆ ಹೋಗಬೇಕು. ಬಿದ್ದು ತಲೆಗೆ ಪೆಟ್ಟಾದಾಗ ಹೊರಗೆ ಗಾಯ ಕಾಣದಿದ್ದರೂ ಹೋಗಲೇಬೇಕು. ಹೋಗುವಾಗ ಮಾತ್ರೆಯ ಪಟ್ಟಿ ಜೊತೆಗಿರಲಿ, ಕೊನೆಯ ಮಾತ್ರೆ ನುಂಗಿದ ಗಂಟೆಯನ್ನು ಅದರ ಹಿಂಬದಿಯಲ್ಲಿ ಬರೆದಿರಲಿ. ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.